ಪ್ಲಾಸ್ಟಿಕ್ ಕಯಾಕ್ ಒಳಗೆ ಫೋಮ್, ಫಿಟ್ಟಿಂಗ್ ನಿಲ್ಲಲು ಯಾವ ಅಂಟು ಗಟ್ಟಿ?

ಕಯಾಕ್ ಅನ್ನುವ ಕಿರುದೋಣಿಯಲ್ಲಿ ಸೊಂಟದ ಪಕ್ಕದ ಫೋಮ್, ಕಾಲು ಆನಿಸುವ ಪಟ್ಟಿ ಎರಡೂ ಕಿತ್ತು ಬರುತ್ತಿವೆ, ಇನ್ನೂ ಗಟ್ಟಿ ಅಂಟು ಹೇಳಿ ಅಂತೀರಿ. ಇದನ್ನೇ ಕೇಳಿಕೊಂಡು ನಾನೂ ಹುಬ್ಬಳ್ಳಿಯ ಅಂಗಡಿ ಅಂಗಡಿ ಸುತ್ತಿದ್ದೆ.

ಹಳೇ ಕಯಾಕ್ ಕೊಂಡಿದ್ದೆ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿಸುವ ಆಸೆ. ಸೀಟು ನನಗೆ ಅಗಲ ಜಾಸ್ತಿ. ಎರಡೂ ಬದಿಗೆ ಇವಿಎ ಫೋಮ್ (ಚಪ್ಪಲಿಗೆ ಹಾಕುವಂಥ ಗಟ್ಟಿ ಫೋಮ್) ಕತ್ತರಿಸಿ, ರೆಕ್ಸಿನ್‌ಗೆ ಹಚ್ಚುವ ಹಳದಿ ರಬ್ಬರ್ ಅಂಟು ದಪ್ಪಗೆ ಬಳಿದು, ಹಸಿ ಇರುವಾಗಲೇ ಒತ್ತಿ, ಅಡ್ಡ ಕಟ್ಟಿಗೆ ಕೊಟ್ಟು ಬಿಗಿ ಮಾಡಿದೆ. ಅಂಟು ಒಳ್ಳೆಯದೇ ಇತ್ತು. ಕೆಡಿಸಿದ್ದು ಹಸಿ ಇರುವಾಗ ಒತ್ತಿದ್ದು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮದೂ ಇದೇ ಕಥೆ ಅನಿಸುತ್ತಿದೆ. ಆ ಅಂಟು ಅಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರ್. ದ್ರಾವಕ ಹಾರಿಹೋದ ಮೇಲೆ ಈ ಕಡೆಯ ರಬ್ಬರ್ ಆ ಕಡೆಯ ರಬ್ಬರನ್ನು ಕಚ್ಚುತ್ತದೆ. ಮರ, ಬಟ್ಟೆಯಾದರೆ ಒತ್ತಿದ ಮೇಲೂ ದ್ರಾವಕ ಹೇಗೋ ಹೊರಗೆ ಹೋಗುತ್ತದೆ. ಇಲ್ಲಿ ಒಂದು ಕಡೆ ಪ್ಲಾಸ್ಟಿಕ್, ಇನ್ನೊಂದು ಕಡೆ ನೀರೇ ಹೀರದ ಫೋಮ್. ಎಲ್ಲಿಂದ ಹೋಗಬೇಕು? ಅಂಚು ಮಾತ್ರ ಒಣಗಿತ್ತು. ಎಳೆದು ನೋಡಿದೆ, ಅಲ್ಲಾಡಲಿಲ್ಲ. ಗಟ್ಟಿಯಾಯಿತು ಅಂದುಕೊಂಡೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಮೇಲೆ ಕಟ್ಟಿಕೊಂಡು ಹೋದರೆ, ಗಣೇಶಗುಡಿ ಮುಟ್ಟುವುದರೊಳಗೆ ಫೋಮ್ ನಡುವೆ ಉಬ್ಬಿತ್ತು. ನೀರಿಗಿಳಿದು ಸ್ವಲ್ಪ ವಾಲಿದ್ದೇ ತಡ, ಬಲಗಡೆಯದು ಜಾರಿ ತೊಡೆಗೆ ಅಡ್ಡ ಬಂತು. ಮಗುಚಿದೆ. ಆ ತುಂಡು ಮೊಣಕಾಲಿಗೆ ಸಿಕ್ಕಿಕೊಂಡು, ಹೊರಗೆ ಬರಲು ಒದ್ದಾಡಿಬಿಟ್ಟೆ. ಹೊಸ ಪ್ಯಾಡಲ್ ಹೊಳೆ ಪಾಲಾಯಿತು. ದಂಡೆಗೆ ಬಂದು ಇನ್ನೊಂದು ಫೋಮ್ ಕಿತ್ತರೆ ಅಂಟು ಇನ್ನೂ ನೂಲು ನೂಲಾಗಿ ಎಳೆ ಬಿಡುತ್ತಿತ್ತು, ವಾಸನೆ ಸಮೇತ.

ಹುಬ್ಬಳ್ಳಿಗೆ ಬಂದು ದುರ್ಗದಬೈಲ್ ಕಡೆ ಚಪ್ಪಲಿ ರಿಪೇರಿ ಮಾಡುವ ಕಾಕಾಗೆ ತೋರಿಸಿದೆ. “ಹಸಿ ಅಂಟು ಒತ್ತಬ್ಯಾಡ್ರಿ. ಬೆರಳಿಗೆ ಹತ್ತಬಾರದು, ಅಲ್ಲೀಮಟ ಬಿಡ್ರಿ” ಅಂದರು. ಎರಡೂ ಕಡೆ ತೆಳ್ಳಗೆ ಹಚ್ಚಿ, 10-15 ನಿಮಿಷ ಬಿಟ್ಟು, ಆಮೇಲೆ ಒಂದೇ ಸಲ ಸರಿಯಾದ ಜಾಗಕ್ಕೆ ಒತ್ತಬೇಕು. ಕೂತ ಮೇಲೆ ಸರಿಸಲು ಆಗುವುದಿಲ್ಲ.

ಅದಕ್ಕೂ ಮೊದಲು ಪ್ಲಾಸ್ಟಿಕ್ ತಯಾರಾಗಬೇಕು. ನಿಮ್ಮ ಕಯಾಕ್ ಬಹುಶಃ ಪಾಲಿಥಿಲೀನ್, ಮಾಳಿಗೆ ಮೇಲಿನ ನೀರಿನ ಕರಿ ಟ್ಯಾಂಕ್ ಮಾಡುವುದೂ ಅದರಿಂದಲೇ. ಅಂಟು ಸುಲಭಕ್ಕೆ ಹತ್ತುವ ವಸ್ತು ಅಲ್ಲ. ನೀರು ಚಿಮುಕಿಸಿ ನೋಡಿ, ಹನಿ ಗುಂಡಗೆ ಕೂರುತ್ತದೆ. ಸ್ಯಾಂಡ್ ಪೇಪರಿನಿಂದ ಉಜ್ಜಿ, ಜಿಡ್ಡು ಹೋಗುವ ಹಾಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಪೂರ್ತಿ ಒಣಗಿದ ಮೇಲೆ ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ಸರ್ರಂತ ಆಡಿಸಿ. ಒಂದೇ ಕಡೆ ನಿಲ್ಲಿಸಿದರೆ ಕರಗುತ್ತದೆ. ಈಗ ನೀರು ಹರಡಿಕೊಂಡರೆ ಸರಿಯಾಗಿದೆ ಅಂತ. ಒರೆಸಿ, ಒಣಗಿಸಿ, ಆವತ್ತೇ ಅಂಟು ಹಚ್ಚಿ. ಅಂಟಿನ ಡಬ್ಬಿ ಉರಿಯ ಹತ್ತಿರ ಸುಳಿಯಬಾರದು. ಕೆಲಸ ಅಂಗಳದಲ್ಲೇ ಮಾಡಿ.

ಇನ್ನು ಕಾಲು ಆನಿಸುವ ಪಟ್ಟಿ. ಅದಕ್ಕೆ ಅಂಟೇ ಬೇಡ. ಮೈಭಾರ ಹಾಕಿ ಒದೆಯುವ ಜಾಗ ಅದು. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಅಂತೂ ಬೇಡವೇ ಬೇಡ. ಬಿಸಿಲಿಗೆ ಈ ಪ್ಲಾಸ್ಟಿಕ್ ಹಿಗ್ಗಿದಷ್ಟು ಎಪಾಕ್ಸಿ ಹಿಗ್ಗುವುದಿಲ್ಲ, ಚಕ್ಕೆ ಎದ್ದು ಬರುತ್ತದೆ. ತೂತು ಕೊರೆದು ಸ್ಟೀಲ್ ಬೋಲ್ಟ್ ಹಾಕಿ, ಒಳಗೆ ಅಗಲ ವಾಷರ್, ಹೊರಗೆ ರಬ್ಬರ್ ವಾಷರ್. ಕಯಾಕಿಗೆ ತೂತು ಹಾಕಲು ಜೀವ ಬರಲ್ಲ, ಗೊತ್ತು. ಹಾಕಿ. ಸೊಂಟದ ಫೋಮನ್ನೂ ತಾನಾಗೇ ಬಿಗಿಯಾಗಿ ಕೂರುವ ಆಕಾರಕ್ಕೆ ಕತ್ತರಿಸಿ, ಅಂಟಿನ ಕೆಲಸ ಜಾರದ ಹಾಗೆ ಹಿಡಿಯುವುದಷ್ಟೇ. ಸೋಫಾ ಸ್ಪಂಜ್ ಮಾತ್ರ ಬೇಡ, ನೀರು ಕುಡಿದು ಕೂರುತ್ತದೆ.

ಎಲ್ಲ ಮುಗಿದ ಮೇಲೆ ಎದೆಮಟ್ಟದ ನಿಂತ ನೀರಲ್ಲಿ, ಈಜು ಬರುವ ಒಬ್ಬರನ್ನು ಪಕ್ಕ ನಿಲ್ಲಿಸಿಕೊಂಡು, ಬೇಕಂತಲೇ ಮಗುಚಿ ಹೊರಗೆ ಬನ್ನಿ. ಎಲ್ಲಾದರೂ ಸಿಕ್ಕಿಕೊಂಡಂತೆ ಅನಿಸಿದರೆ ಫೋಮ್ ಇನ್ನಷ್ಟು ತೆಳ್ಳಗೆ ಕೆತ್ತಿ. ಹೊಳೆಗೆ ಆಮೇಲೆ ಹೋಗುವಿರಂತೆ.