ಆಸ್ಟಿನ್‌ಗೆ ಹೋಗಲೋ, ಬೆಲ್‌ವ್ಯೂಗೆ ಬರಲೋ ಎಂದು ಕೇಳಿದ ತಮ್ಮನಿಗೆ

ತಮ್ಮಾ, ಅಕ್ಕ ಅಂತ ಕರೆದು ಬರೆದಿದ್ದೀಯ. ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ.

ಬೆಂಗಳೂರಿನ ಆಫೀಸಿನಿಂದ, ಅದೇ ಕಂಪನಿಯ ಅಮೆರಿಕದ ಆಫೀಸಿಗೆ ವರ್ಗವಾಗುವವರ ಎಲ್-1 ವೀಸಾದಲ್ಲಿ ಬರುತ್ತಿದ್ದೀಯ. ಟೆಕ್ಸಾಸ್‌ನ ಆಸ್ಟಿನ್ ಅಥವಾ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ, ಯಾವುದಾದರೂ ಒಂದು ಆರಿಸಿಕೋ ಎಂದಿದ್ದಾರೆ. ಡಿಸೆಂಬರ್ 1ಕ್ಕೆ ಕೆಲಸಕ್ಕೆ ಸೇರಬೇಕು. ಸಂಬಳ ಎರಡೂ ಕಡೆ ಒಂದೇ. ನಿನ್ನ ಸಂಬಳಕ್ಕೆ ಎರಡೂ ಕಡೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. "ಹಾಗಾದರೆ ಬಾಡಿಗೆ ಕಡಿಮೆ ಇರುವ ಆಸ್ಟಿನ್ನೇ ಒಳ್ಳೇದಲ್ವಾ ಅಕ್ಕ?" ಎಂದು ಕೇಳಿದ್ದೀಯ. ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದೀಯ. ಹೆಂಡತಿಗೆ ಮೇ ಕೊನೆಗೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಆಮೇಲೆ ಅವಳು ಮನೆಯಿಂದಲೇ ತಿಂಡಿ ಮಾಡಿ ಮಾರಬೇಕು ಎಂದಿದ್ದಾಳೆ.

ಆ ಕೊನೆಯ ಎರಡು ಸಾಲೇ ನನಗೆ ಮುಖ್ಯ ಅನ್ನಿಸಿತು. ಬಾಡಿಗೆ ಲೆಕ್ಕ ನೀನೇ ಹಾಕಬಲ್ಲೆ.

ನಮ್ಮ ಊರಲ್ಲಿ ಇನ್‌ಕಮ್ ಟ್ಯಾಕ್ಸ್ ಅಂದರೆ ದೆಹಲಿಯದ್ದು. ಕರ್ನಾಟಕ ಸರ್ಕಾರ ಸಂಬಳದಿಂದ ಹಿಡಿಯುವುದು ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ. ಹಾಗಾಗಿ ಇಲ್ಲಿಗೆ ಬರುವಾಗ ರಾಜ್ಯ ಯಾವುದು ಎಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. 22 ವರ್ಷದ ಹಿಂದೆ ಅರಸೀಕೆರೆಯಿಂದ ಇಲ್ಲಿಗೆ ಬಂದಾಗ ನಾನೂ ಯೋಚಿಸಿರಲಿಲ್ಲ. ಆದರೆ ಇಲ್ಲಿ ಮಗು ಹುಟ್ಟಿದಾಗ ಅಪ್ಪನಿಗೆ ಸಂಬಳದ ರಜೆ ಸಿಗುತ್ತದೋ ಇಲ್ಲವೋ, ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡವನ ಆಸ್ಪತ್ರೆ ಖರ್ಚು ಯಾರದ್ದು, ಗಂಟೆಗೆ ಕೂಲಿ ಎಷ್ಟು, ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ.

ಮೊದಲು ಟ್ಯಾಕ್ಸ್ ವಿಷಯ. 1932ರಲ್ಲಿ ವಾಷಿಂಗ್ಟನ್‌ನ ಜನ ಇನ್‌ಕಮ್ ಟ್ಯಾಕ್ಸ್ ಬೇಕು ಎಂದೇ ಮತ ಹಾಕಿದ್ದರು. ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದಾಯವೂ ಒಂದು ಆಸ್ತಿ, ಆಸ್ತಿಗೆ ಎಲ್ಲರಿಗೂ ಒಂದೇ ದರ ಇರಬೇಕು ಎಂಬುದು ಕೋರ್ಟ್ ವಾದ. ಆಗ ಇಡೀ ದೇಶಕ್ಕೇ ಕಷ್ಟಕಾಲ, ಖಜಾನೆ ಖಾಲಿ. 1935ರಲ್ಲಿ ಸೇಲ್ಸ್ ಟ್ಯಾಕ್ಸ್ ಮತ್ತು ವ್ಯಾಪಾರದ ಮೇಲಿನ 'ಬಿ ಆಂಡ್ ಓ' ಟ್ಯಾಕ್ಸ್ ಬಂದವು. 2010ರಲ್ಲಿ ಶ್ರೀಮಂತರಿಗೆ ಮಾತ್ರ ಇನ್‌ಕಮ್ ಟ್ಯಾಕ್ಸ್ ಹಾಕೋಣ ಎಂದಾಗ ಜನರೇ ಬೇಡ ಎಂದರು.

ಸರ್ಕಾರ ನಡೆಯಬೇಕಲ್ಲ, ದುಡ್ಡು ಬೇರೆ ದಾರಿಯಲ್ಲಿ ಬರುತ್ತದೆ. ರಾಜ್ಯದ ಸೇಲ್ಸ್ ಟ್ಯಾಕ್ಸ್ 6.5%. ಊರಿನದ್ದು, ಬಸ್ಸು ರೈಲಿನದ್ದು ಸೇರಿ ಬೆಲ್‌ವ್ಯೂ ಪಕ್ಕದ ಸಿಯಾಟಲ್‌ನಲ್ಲಿ 2025ರಲ್ಲಿ 10.35% ಇತ್ತು. ಅಂಗಡಿಯ ಅಕ್ಕಿ, ಬೇಳೆ, ಹಾಲು, ತರಕಾರಿಗೆ ಇಲ್ಲ. ಹೋಟೆಲ್ ದೋಸೆಗೆ ಇದೆ. ಮಗುವಿನ ಡೈಪರ್‌ಗೂ ಇದೆ. ದೊಡ್ಡ ಸಂಬಳದವರಿಗೆ ಇದು ಅಷ್ಟಾಗಿ ತಾಗುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ತಾಗುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ದೊಡ್ಡ ಮೊತ್ತದ ಷೇರು ಲಾಭಕ್ಕೆ 2021ರಲ್ಲಿ ತಂದ 7% ಟ್ಯಾಕ್ಸ್ ತೆಗೆದುಹಾಕಬೇಕೇ ಎಂದು 2024ರಲ್ಲಿ ಮತಕ್ಕೆ ಬಂದಾಗ, ತೆಗೆಯಬೇಡಿ ಎಂದು ನಾನು ಮತ ಹಾಕಿದೆ. ಆ ಹಣ ಶಾಲೆಗೆ, ಮಕ್ಕಳ ಪಾಲನೆಗೆ ಹೋಗುತ್ತದೆ. ಆಸ್ಟಿನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ 8.25%. ಆದರೆ ಅಲ್ಲಿ ಮನೆ ಕೊಂಡರೆ ಆಸ್ತಿ ತೆರಿಗೆಯ ದರ ಇಲ್ಲಿಗಿಂತ ಜಾಸ್ತಿ.

ಈಗ ಮಗುವಿನ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು.

2006ರಲ್ಲಿ ನನ್ನ ಮಗ ಹುಟ್ಟಿದಾಗ ಯಜಮಾನರಿಗೆ ಸಿಕ್ಕಿದ್ದು ಐದು ದಿನ. ಅದೂ ವರ್ಷದ ರಜೆಯಲ್ಲಿ ಕತ್ತರಿಸಿಕೊಂಡಿದ್ದು. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಆರನೇ ದಿನ ಬೆಳಿಗ್ಗೆ ಅವರು ಕಾರು ಹತ್ತಿ ಹೋದ ಮೇಲೆ, ಮಗು ಎತ್ತಿಕೊಂಡು ಕಿಟಕಿ ಹತ್ತಿರ ನಿಂತು ಅತ್ತಿದ್ದು ಇವತ್ತಿಗೂ ನೆನಪಿದೆ. ಬಾಣಂತಿಗೆ ಬಿಸಿನೀರು ಕಾಯಿಸಿಕೊಡುವವರೂ ಇರಲಿಲ್ಲ.

2017ರಲ್ಲಿ ಇಲ್ಲಿನ ಶಾಸನಸಭೆ ಸಂಬಳದ ಕುಟುಂಬ ರಜೆಯ ಕಾನೂನು ಮಾಡಿತು. 2019ರ ಜನವರಿಯಿಂದ ಹಣ ಹಿಡಿದರು, 2020ರ ಜನವರಿಯಿಂದ ಕೊಡಲು ಶುರು ಮಾಡಿದರು. 2025ರಲ್ಲಿ ದರ ಸಂಬಳದ 0.92% ಇತ್ತು. ಅದರಲ್ಲಿ ಕೆಲಸಗಾರನ ಪಾಲು ನೂರು ಡಾಲರ್‌ಗೆ ಸುಮಾರು 66 ಸೆಂಟ್. ಮಗು ಹುಟ್ಟಿದರೆ ಅಪ್ಪನಿಗೂ 12 ವಾರದವರೆಗೆ ರಜೆ. 2025ರಲ್ಲಿ ವಾರಕ್ಕೆ ಹೆಚ್ಚೆಂದರೆ 1,542 ಡಾಲರ್ ಸಿಗುತ್ತಿತ್ತು. ಇದನ್ನು ಕೊಡುವುದು ರಾಜ್ಯ, ಕಂಪನಿಯಲ್ಲ. ಯಾವ ವೀಸಾ ಎಂದು ಕೇಳುವುದಿಲ್ಲ. ವಾಷಿಂಗ್ಟನ್‌ನಲ್ಲಿ 820 ಗಂಟೆ ಕೆಲಸ ಮಾಡಿದ್ದರೆ ಸಾಕು.

ಹೊಸಬರು ಎಡವುವುದು ಈ 820 ಗಂಟೆಯಲ್ಲೇ. ಗಂಟೆ ಎಣಿಸುವುದು ಮೂರು ಮೂರು ತಿಂಗಳ ಲೆಕ್ಕದಲ್ಲಿ, ಅದೂ ಪೂರ್ತಿ ಮುಗಿದ ಮೂರು ತಿಂಗಳಷ್ಟೇ. ನೀನು ಡಿಸೆಂಬರ್ 1ಕ್ಕೆ ಸೇರಿದರೆ ಮಾರ್ಚ್ ಕೊನೆಗೆ ಸುಮಾರು 690 ಗಂಟೆ ಆಗುತ್ತದೆ. ಸಾಲದು. ಮೇ ಕೊನೆಗೆ ಮಗು ಹುಟ್ಟಿದಾಗ ಅರ್ಜಿ ಹಾಕಿದರೆ ತಿರಸ್ಕರಿಸುತ್ತಾರೆ. ಆಗ ಅಯ್ಯೋ ನಮಗಿಲ್ಲ ಎಂದು ಸುಮ್ನೆ ಇದ್ದುಬಿಡಬೇಡ. ಹುಟ್ಟಿದ ದಿನದಿಂದ 12 ತಿಂಗಳೊಳಗೆ ಯಾವಾಗ ಬೇಕಾದರೂ ಈ ರಜೆ ತೆಗೆದುಕೊಳ್ಳಬಹುದು. ಜೂನ್ 30 ಕಳೆಯಲಿ. ಆ ಮೂರು ತಿಂಗಳ ಗಂಟೆಗಳೂ ಸೇರುತ್ತವೆ. ಜುಲೈನಲ್ಲಿ ಅರ್ಜಿ ಹಾಕು. ಹೆರಿಗೆಗೆ ನಿಮ್ಮಮ್ಮನೋ ಅತ್ತೆಯೋ ಬಂದರೆ, ಅವರು ಊರಿಗೆ ಹೊರಟ ಮೇಲೆ ನಿನ್ನ ರಜೆ ಶುರುವಾಗಲಿ. 2026ರ ಜನವರಿಯಿಂದ ಇನ್ನೊಂದು ಅನುಕೂಲವೂ ಇದೆ. 25 ಜನರಿಗಿಂತ ಕಡಿಮೆ ಇಲ್ಲದ ಕಂಪನಿಯಲ್ಲಿ 180 ದಿನ ಕೆಲಸ ಮಾಡಿದ್ದರೆ, ರಜೆ ಮುಗಿಸಿ ಬಂದಾಗ ಕೆಲಸ ಉಳಿದಿರಬೇಕು ಎನ್ನುತ್ತದೆ ಕಾನೂನು. ಜುಲೈ ಹೊತ್ತಿಗೆ ನಿನಗೆ ಅದೂ ಆಗಿರುತ್ತದೆ.

ಟೆಕ್ಸಾಸ್‌ನಲ್ಲಿ ಖಾಸಗಿ ನೌಕರರಿಗೆ ರಾಜ್ಯದ ಇಂಥ ರಜೆ ಇಲ್ಲ. ಇಡೀ ದೇಶದ ಕಾನೂನೊಂದಿದೆ, ಅದರ ಪ್ರಕಾರ 12 ವಾರ ಕೆಲಸ ಉಳಿಯುತ್ತದೆ, ಸಂಬಳ ಬರುವುದಿಲ್ಲ. ಅದಕ್ಕೂ ಒಂದು ವರ್ಷದ ನೌಕರಿ ಆಗಿರಬೇಕು. ನಿನ್ನ ಕಂಪನಿಯೇ ರಜೆ ಕೊಡುತ್ತದೋ ಕೇಳು, ಕೊಡುವ ಕಂಪನಿಗಳಿವೆ. ಆದರೆ ಕಂಪನಿ ಕೊಟ್ಟಿದ್ದನ್ನು ಕಂಪನಿಯೇ ಕಿತ್ತುಕೊಳ್ಳಬಹುದು.

2021ರಲ್ಲಿ ನನಗೆ ಬೆನ್ನಿನ ಆಪರೇಷನ್ ಆಯಿತು. ಯಜಮಾನರು ವಾಷಿಂಗ್ಟನ್‌ನ ಇದೇ ರಜೆ ಕಾನೂನಿನಲ್ಲಿ ಆರು ವಾರ ಮನೆಯಲ್ಲಿದ್ದರು. ಗಂಜಿ ಕಾಯಿಸಿದರು, ಕೈ ಹಿಡಿದು ನಡೆಸಿದರು. ಆ ಐದು ದಿನ, ಈ ಆರು ವಾರ. ಎರಡನ್ನೂ ಕಂಡವಳು ನಾನು.

ಪೇ ಸ್ಲಿಪ್‌ನಲ್ಲಿ 'ಡಬ್ಲ್ಯುಎ ಕೇರ್ಸ್' ಎಂದು 0.58% ಕಡಿತ ಕಂಡರೆ ತಕ್ಷಣ ಎಚ್‌ಆರ್‌ಗೆ ಹೇಳು. ವಯಸ್ಸಾದ ಮೇಲೆ ಆರೈಕೆಗೆಂದು 2023ರ ಜುಲೈಯಿಂದ ಹಿಡಿಯುವ ಹಣ ಅದು. ತಾತ್ಕಾಲಿಕ ವೀಸಾದವರಿಗೆ ವಿನಾಯಿತಿ ಇದೆ. ಈ ಹಣ ಹಿಡಿಯಲು ಶುರು ಮಾಡುವ ಮೊದಲು ಇಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. 2021ರ ನವೆಂಬರ್ 1ರೊಳಗೆ ಖಾಸಗಿ ಪಾಲಿಸಿ ಕೊಂಡರೆ ಇದರಿಂದ ತಪ್ಪಿಸಿಕೊಳ್ಳಬಹುದು ಎಂದು ಎಲ್ಲರೂ ಓಡಿದರು. ಒಬ್ಬ ಏಜೆಂಟ್ ಹೆದರಿಸಿದ ಅಂತ ನಾವೂ ದುಬಾರಿ ಪಾಲಿಸಿ ಕೊಂಡೆವು. ಓದಿ ನೋಡದೆ ಸಹಿ ಹಾಕಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಇನ್ನು ತಿಂಡಿ ವ್ಯಾಪಾರ. ಎಲ್-1 ಇರುವವರ ಹೆಂಡತಿ ಇಲ್ಲಿ ಕೆಲಸ ಮಾಡಬಹುದು, ಆ ಚಿಂತೆ ಬೇಡ. ಆದರೆ ಈ ವಿಷಯದಲ್ಲಿ ಆಸ್ಟಿನ್ನೇ ಸುಲಭ, ಮುಚ್ಚಿಡುವುದಿಲ್ಲ. ಟೆಕ್ಸಾಸ್‌ನಲ್ಲಿ ಮನೆಯಲ್ಲಿ ತಿನಿಸು ಮಾಡಿ ವರ್ಷಕ್ಕೆ 1,50,000 ಡಾಲರ್‌ವರೆಗೆ ಮಾರಬಹುದು ಎಂದು 2025ರ ಸೆಪ್ಟೆಂಬರ್‌ನಿಂದ ಕಾನೂನು ಸಡಿಲಿಸಿದ್ದಾರೆ. ವಾಷಿಂಗ್ಟನ್‌ನಲ್ಲಿ ಪರ್ಮಿಟ್ ಬೇಕು, ಬಂದು ಅಡುಗೆಮನೆ ನೋಡುತ್ತಾರೆ, ಫ್ರಿಜ್ ಬೇಡದ ತಿನಿಸಷ್ಟೇ, ಮಿತಿ 35,000 ಡಾಲರ್. ಅದಕ್ಕಿಂತ ದೊಡ್ಡದು ಮಾಡಬೇಕಾದರೆ ಬಾಡಿಗೆ ಅಡುಗೆಮನೆ ಹಿಡಿಯಬೇಕು. ನಾನು 2012ರಲ್ಲಿ ಹಿಡಿದೆ.

ಆಗ ಬಂದಿದ್ದು ಈ ಬಿ ಆಂಡ್ ಓ. ಇದು ಲಾಭದ ಮೇಲಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಪೂರ್ತಿ ದುಡ್ಡಿನ ಮೇಲೆ. ನಮ್ಮ ಜಿಎಸ್‌ಟಿಯಲ್ಲಿ ಹಿಂದಿನವರು ಕಟ್ಟಿದ್ದನ್ನು ಕಳೆದುಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಹಿಟ್ಟು ಬೀಸಿದವನು ಕಟ್ಟುತ್ತಾನೆ, ಸಗಟು ಮಾರಿದವನು ಕಟ್ಟುತ್ತಾನೆ, ನಾನೂ ಕಟ್ಟುತ್ತೇನೆ. 2020ರಲ್ಲಿ ಕೊರೊನಾ ಬಂದು ಮದುವೆ, ನಾಮಕರಣ ಎಲ್ಲ ನಿಂತವು. ಆ ವರ್ಷ 2,10,000 ಡಾಲರ್ ವ್ಯಾಪಾರ. ಬಾಡಿಗೆ, ಕೂಲಿ ಕಳೆದರೆ ಪೂರ್ತಿ ನಷ್ಟ. ಆದರೂ 0.471% ಲೆಕ್ಕದಲ್ಲಿ ಸುಮಾರು 990 ಡಾಲರ್ ಕಟ್ಟಿದೆ. ಮೊತ್ತ ದೊಡ್ಡದಲ್ಲ. ಕೈಯಿಂದ ಹಾಕಿ ಕಟ್ಟುವಾಗ ಹೊಟ್ಟೆ ಉರಿಯಿತು. ಈಗ ವರ್ಷಕ್ಕೆ 1,25,000 ಡಾಲರ್ ಒಳಗಿನ ಸಣ್ಣ ವ್ಯಾಪಾರಕ್ಕೆ ವಿನಾಯಿತಿ ಇದೆ, ನಿನ್ನ ಹೆಂಡತಿಗೆ ಆ ಭಯ ಬೇಡ. 2025ರ ಅಕ್ಟೋಬರ್‌ನಿಂದ ವೆಬ್‌ಸೈಟ್ ಮಾಡಿಸಿದರೂ, ಆನ್‌ಲೈನ್ ಜಾಹೀರಾತು ಕೊಟ್ಟರೂ ಸೇಲ್ಸ್ ಟ್ಯಾಕ್ಸ್ ಹಾಕಿದ್ದಾರೆ. ಇದು ಸಣ್ಣವರಿಗೆ ಹೊರೆ. ನಮ್ಮ ಶಾಸಕರಿಗೆ ಬರೆದಿದ್ದೇನೆ.

ಕನಿಷ್ಠ ಕೂಲಿ ಇಲ್ಲಿ 2025ರಲ್ಲಿ ಗಂಟೆಗೆ 16.66 ಡಾಲರ್ ಇತ್ತು, ಟಿಪ್ಸ್ ಅದರಲ್ಲಿ ಸೇರುವುದಿಲ್ಲ. ಟೆಕ್ಸಾಸ್‌ನಲ್ಲಿ 7.25. ಕೆಲಸದಲ್ಲಿ ಗಾಯವಾದರೆ ಇಲ್ಲಿ ರಾಜ್ಯದ ನಿಧಿಯೇ ನೋಡಿಕೊಳ್ಳುತ್ತದೆ, ನಾವು ಗಂಟೆ ಲೆಕ್ಕದಲ್ಲಿ ಕಟ್ಟಲೇಬೇಕು. ಟೆಕ್ಸಾಸ್‌ನಲ್ಲಿ ಖಾಸಗಿ ಮಾಲೀಕ ಈ ವಿಮೆ ಬೇಡ ಎನ್ನಬಹುದು. ನನ್ನಲ್ಲಿ ಕೆಲಸ ಮಾಡುವ ಹುಡುಗನ ಮೊಣಕೈವರೆಗೆ ಕಾದ ಎಣ್ಣೆ ಬಿತ್ತು. ಆಸ್ಪತ್ರೆ ಬಿಲ್ಲು, ಮನೆಯಲ್ಲಿದ್ದ ದಿನಗಳ ಸಂಬಳದ ಭಾಗ, ಎರಡೂ ಬಂದವು. ಅಲ್ಲಿವರೆಗೂ ಆ ಪ್ರೀಮಿಯಂ ಕಟ್ಟುವಾಗ ನಾನು ಗೊಣಗುತ್ತಿದ್ದೆ. ಆಮೇಲೆ ಬಿಟ್ಟೆ.

ಟ್ಯಾಕ್ಸ್ ಕಡಿಮೆ ಇದ್ದರೆ ಕೆಲಸಗಳು ತಾವಾಗಿ ಬರುತ್ತವೆ ಎಂದೂ ಬರೆದಿದ್ದೀಯ. ನಾನು ಬೋಯಿಂಗ್ ವಿಮಾನ ಕಾರ್ಖಾನೆ ಇರುವ ಎವರೆಟ್‌ನ ಪಕ್ಕದಲ್ಲಿರುವವಳು, ಬೋಯಿಂಗ್ ಕಥೆ ಹೇಳುತ್ತೇನೆ. ಯಜಮಾನರು ವಿಮಾನದ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿದ್ದಾರೆ. 787 ವಿಮಾನ ಇಲ್ಲೇ ಜೋಡಿಸಲಿ ಎಂದು 2003ರಲ್ಲಿ ರಾಜ್ಯ ವಿಮಾನ ಉದ್ಯಮದ ಬಿ ಆಂಡ್ ಓ ದರವನ್ನು 0.484ರಿಂದ 0.2904%ಗೆ ಇಳಿಸಿತು. ಬೋಯಿಂಗ್ 2009ರಲ್ಲಿ ಅದೇ ವಿಮಾನದ ಎರಡನೇ ಸಾಲನ್ನು ಸೌತ್ ಕೆರೊಲಿನಾದಲ್ಲಿ ಹಾಕಿತು. 2013ರಲ್ಲಿ 777ಎಕ್ಸ್ ಎಂಬ ಹೊಸ ವಿಮಾನಕ್ಕಾಗಿ ವಿನಾಯಿತಿಯನ್ನು 2040ರವರೆಗೆ ಎಳೆದರು. ಅದರ ಬೆಲೆ 8.7 ಶತಕೋಟಿ ಡಾಲರ್ ಎಂಬ ಅಂದಾಜಿತ್ತು. ಇಷ್ಟು ಜನರಿಗೆ ಕೆಲಸ ಉಳಿಸಬೇಕು ಎಂಬ ಷರತ್ತನ್ನೇ ಹಾಕಲಿಲ್ಲ. 2020ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜಗಳದಿಂದಾಗಿ ಆ ರಿಯಾಯಿತಿ ದರ ಹೋಯಿತು. 787ರ ಜೋಡಣೆ ಪೂರ್ತಿ ಸೌತ್ ಕೆರೊಲಿನಾಕ್ಕೆ ಹೋಯಿತು. ನಮ್ಮ ಬೀದಿಯಲ್ಲೇ ಎರಡು ಮನೆಯವರು ಊರು ಬಿಟ್ಟರು.

2024ರ ಸೆಪ್ಟೆಂಬರ್‌ನಲ್ಲಿ ಬೋಯಿಂಗ್‌ನ ಸುಮಾರು 33,000 ಕಾರ್ಮಿಕರು ಮುಷ್ಕರ ಹೂಡಿದರು. ಏಳು ವಾರಕ್ಕೂ ಮೀರಿ ಸಂಬಳ ಇಲ್ಲ. ನನ್ನ ಮಧ್ಯಾಹ್ನದ ಊಟದ ಆರ್ಡರ್ ಅರ್ಧಕ್ಕೆ ಬಿತ್ತು. 2025ರಲ್ಲಿ, ಮುಷ್ಕರ ಹೂಡಿದವರಿಗೂ ಆರು ವಾರದವರೆಗೆ ನಿರುದ್ಯೋಗ ಭತ್ಯೆ ಕೊಡುವ ಕಾನೂನು ಆಯಿತು, 2026ರ ಜನವರಿಯಿಂದ ಜಾರಿ. ಮಾಲೀಕರ ಸಂಘಗಳು ಬೇಡ ಎಂದವು. ಆ ನಿಧಿಗೆ ಕಟ್ಟುವವರಲ್ಲಿ ನಾನೂ ಒಬ್ಬಳು. ಆದರೂ ನನಗೆ ಅದು ಸರಿ ಅನ್ನಿಸುತ್ತದೆ. ಊಟ ಕೊಳ್ಳುವವರ ಕೈಯಲ್ಲಿ ಕಾಸಿಲ್ಲದಿದ್ದರೆ ನನ್ನ ಒಲೆ ಯಾರಿಗಾಗಿ ಉರಿಯಬೇಕು?

ನನ್ನನ್ನು ಕೇಳಿದರೆ ಬೆಲ್‌ವ್ಯೂಗೆ ಬಾ. ಬಾಡಿಗೆ ಜಾಸ್ತಿ ಕೊಡುತ್ತೀಯ, ನಿಜ. ತಿಂಡಿ ವ್ಯಾಪಾರ ಒಂದು ವರ್ಷ ಕಾಯಬಹುದು, ಮಗು ಕಾಯುವುದಿಲ್ಲ. ಬಂದ ಮೇಲೆ ಮೊದಲ ಪೇ ಸ್ಲಿಪ್‌ನ ಫೋಟೊ ಕಳಿಸು, ಕಡಿತ ಸರಿಯಾಗಿದೆಯಾ ನೋಡುತ್ತೇನೆ. ಹೆಂಡತಿಗೆ ಈಗ ಏನು ತಿನ್ನಬೇಕು ಅನ್ನಿಸುತ್ತಿದೆ ಅಂತಲೂ ಬರೆ. ಡಿಸೆಂಬರ್ ಮೊದಲ ಶನಿವಾರ ಮನೆಗೆ ಬನ್ನಿ, ಮಾಡಿಟ್ಟಿರುತ್ತೇನೆ.