ಬ್ಯಾಸ್ಕೆಟ್‌ಬಾಲಲ್ಲಿ ಒಬ್ಬ ಸ್ಟಾರ್ ಪ್ಲೇಯರ್ ತಗೊಳ್ಳುವ ನಿರ್ಧಾರದಿಂದ ಇಡೀ ಟೀಮಿನ ಸೋಲು ಗೆಲುವು ಬದಲಾಗ್ತದಾ?

ಬದಲಾಗ್ತದೆ, ಅದೂ ಬೇರೆ ಆಟಗಳಿಗಿಂತ ಜಾಸ್ತಿ. ಕ್ರಿಕೆಟ್ಟಲ್ಲಿ ನಮ್ಮ ಸುರತ್ಕಲ್ಲಲ್ಲಿ ಆಡಿ ಬೆಳೆದ ಕೆ.ಎಲ್. ರಾಹುಲ್ ಸೆಂಚುರಿ ಹೊಡೆದ್ರೂ ವಿಕೆಟ್ ತೆಗೀಲಿಕ್ಕೆ ಬೇರೆಯವರೇ ಬೇಕು, ಬ್ಯಾಸ್ಕೆಟ್‌ಬಾಲಲ್ಲಿ ಕೋರ್ಟಲ್ಲಿ ಇರುವುದೇ ಐದು ಜನ, ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ 48 ನಿಮಿಷದ ಮ್ಯಾಚಲ್ಲಿ ಸ್ಟಾರ್ ಆದವ ಸುಮಾರು 35 ನಿಮಿಷ ಆಡ್ತಾನೆ, ಅಟ್ಯಾಕಿಗೂ ಅವನೇ ಡಿಫೆನ್ಸಿಗೂ ಅವನೇ. ಆದ್ರೆ ನಾನು ಮುಖ್ಯವಾಗಿ ನೋಡುವುದು ಅವ ಉಳಿದ ನಾಲ್ವರಿಗೆ ಎಷ್ಟು ಬಿಟ್ಟುಕೊಡ್ತಾನೆ ಅಂತ.

1986-87ರಲ್ಲಿ ಮೈಕಲ್ ಜೋರ್ಡನ್ ಮ್ಯಾಚಿಗೆ ಸರಾಸರಿ 37.1 ಪಾಯಿಂಟ್ ಹೊಡೆದ, ಆದ್ರೆ ಅವನ ಚಿಕಾಗೋ ಬುಲ್ಸ್ 40 ಗೆದ್ದು 42 ಸೋತಿತು, ಪ್ಲೇಆಫಿನ ಮೊದಲ ರೌಂಡಲ್ಲೇ ಬೋಸ್ಟನ್ ಎದುರು 3-0 ಸೋತು ಹೊರಗೆ. ಆಮೇಲೆ ಫಿಲ್ ಜಾಕ್ಸನ್ ಕೋಚ್ ಆಗಿ ಬಾಲ್ ಎಲ್ಲರ ಕೈಗೂ ಹೋಗುವ ಟ್ರಯಾಂಗಲ್ ಆಟ ತಂದ್ರು, ಜೋರ್ಡನ್‌ಗೆ ಮೊದಮೊದಲು ಅದು ಹಿಡಿಸಿರ್ಲಿಲ್ಲ, ಆದ್ರೂ ಒಪ್ಪಿಕೊಂಡ. 1991ರ ಫೈನಲ್ಸ್ ಐದನೇ ಮ್ಯಾಚಿನ ಕೊನೇಲಿ ಎದುರಿನ ಟೀಮ್ ಲೇಕರ್ಸ್‌ನವರು ಅವನನ್ನೇ ಮುತ್ತಿಕೊಂಡಾಗ ಖಾಲಿ ನಿಂತಿದ್ದ ಜಾನ್ ಪ್ಯಾಕ್ಸನ್‌ಗೆ ಪಾಸ್ ಕೊಡ್ತಾ ಹೋದ, ಪ್ಯಾಕ್ಸನ್ ಒಟ್ಟು 20 ಪಾಯಿಂಟ್ ಹೊಡೆದ, ಬುಲ್ಸ್‌ಗೆ ಮೊದಲ ಚಾಂಪಿಯನ್‌ಶಿಪ್ ಬಂತು. ಆ ಸೀಸನ್ನಲ್ಲಿ ಜೋರ್ಡನ್ ಸರಾಸರಿ 31.5.

ನನಗೆ ಇದು ಅರ್ಥ ಆದದ್ದು ಮಂಗಳೂರಲ್ಲಿ ಡಿಗ್ರಿ ಓದುವಾಗ. ನಮ್ಮ ಟೀಮಲ್ಲಿ ಒಬ್ರು ಸೀನಿಯರ್ ಇದ್ರು, ನಾವೆಲ್ಲ ಅಣ್ಣ ಅಂತ ಕರೀತಿದ್ದದ್ದು. ಉಡುಪಿಯಲ್ಲಿ ಇಂಟರ್ ಕಾಲೇಜ್ ಸೆಮಿಫೈನಲ್, ಎದುರಿನವರು ಇಬ್ಬಿಬ್ಬರು ಅವರಿಗೇ ಅಂಟಿಕೊಂಡಿದ್ರು, ಕಾರ್ನರಲ್ಲಿ ನಾನು ಖಾಲಿ, ಯಾಕಂದ್ರೆ ನನ್ನ ಶೂಟಿಂಗ್ ವೀಕ್ ಅಂತ ಎದುರಿನವರಿಗೆ ಗೊತ್ತುಂಟು. ಅಣ್ಣ ಪಾಸ್ ಕೊಟ್ರು, ನಾನು ಮಿಸ್ ಮಾಡಿದೆ. ಮುಂದಿನ ಸಲ ಬಾಲ್ ಬರುವುದೇ ಬೇಡ ಅಂತ ಹಿಂದೆ ಸರಿದು ನಿಂತೆ, ಪುನಃ ನನಗೇ ಕೊಟ್ಟು "ಹೊಡಿ ಮಾರಾಯ, ರಿಬೌಂಡಿಗೆ ನಾನಿದ್ದೇನೆ" ಅಂತ ಕೂಗಿದ್ರು, ಮಿಸ್ ಆಗಿ ವಾಪಸ್ ಬರುವ ಬಾಲ್ ನಾನು ಹಿಡೀತೇನೆ ಅಂತ ಅರ್ಥ. ಬಿತ್ತು. ಆಮೇಲೆ ಇನ್ನೆರಡು ಬಿತ್ತು. ಆಗ ಎದುರಿನವ ಒಬ್ಬ ನನ್ನ ಹತ್ರ ಬರಲೇಬೇಕಾಯ್ತು, ಅಣ್ಣನಿಗೆ ಒಳಗೆ ದಾರಿ ಸಿಕ್ತು, ನಾಲ್ಕು ಪಾಯಿಂಟಲ್ಲಿ ಗೆದ್ದೆವು. ಮಳೆಗಾಲದಲ್ಲಿ ಸಿಮೆಂಟ್ ಕೋರ್ಟಲ್ಲಿ ನೀರು ನಿಂತ್ರೆ ಹಿಡಿಸೂಡಿ ಮೊದಲು ಹಿಡೀತಿದ್ದದ್ದೂ ಅವರೇ, ಅವರು ಗುಡಿಸುವಾಗ ನಾವು ಹೇಗೆ ಸುಮ್ಮನೆ ಕೂತ್ಕೊಳ್ಳುವುದು ಹೇಳಿ. ಮರುವರ್ಷ ಅವರ ಜಾಗಕ್ಕೆ ಬಂದ ಹುಡುಗ ಶೂಟಿಂಗಲ್ಲಿ ಅಣ್ಣನಿಗಿಂತ ಮೇಲೆ, ಆದ್ರೆ ಬಾಲ್ ಬಿಡ್ತಿರ್ಲಿಲ್ಲ, ನಾವು ನಾಲ್ವರು ನಿಂತು ನೋಡುವುದೇ ಕೆಲಸ, ಹಾಗಾಗಿ ಡಿಫೆನ್ಸಿಗೆ ಓಡ್ಲಿಕ್ಕೂ ಮನಸ್ಸು ಬರ್ತಿರ್ಲಿಲ್ಲ. ಮೊದಲ ರೌಂಡಲ್ಲೇ ಹೊರಗೆ.

ಎನ್‌ಬಿಎಯಲ್ಲಿ ಸಂಬಳದ ವಿಷಯವೂ ಉಂಟು. ಅಲ್ಲಿ ಟೀಮಿನ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅಂತ ಮಿತಿ ಇಟ್ಟಿದ್ದಾರೆ, ಮಿತಿ ದಾಟ್ಲಿಕ್ಕೆ ಕೆಲವು ದಾರಿ ಇದ್ರೂ ಸ್ಟಾರ್ ಒಬ್ಬನೇ ದೊಡ್ಡ ಪಾಲು ತಗೊಂಡ್ರೆ ಉಳಿದ ಒಳ್ಳೆ ಪ್ಲೇಯರ್‌ಗಳನ್ನು ಸೇರಿಸ್ಲಿಕ್ಕೆ ಕಷ್ಟ ಆಗ್ತದೆ. ಸ್ಯಾನ್ ಆಂಟೋನಿಯೋ ಸ್ಪರ್ಸ್ ಟೀಮಿನ ಟಿಮ್ ಡಂಕನ್ 2012ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರಿನಿಂದ 1 ಕೋಟಿಗಿಂತ ಕೆಳಗೆ ಇಳಿದ, 2014ರಲ್ಲಿ ಅದೇ ಟೀಮ್ ಮಯಾಮಿಯನ್ನು 4-1 ಸೋಲಿಸಿ ಚಾಂಪಿಯನ್. ನ್ಯೂಯಾರ್ಕ್ ನಿಕ್ಸ್‌ನ ಜೇಲನ್ ಬ್ರನ್ಸನ್ ಒಂದು ವರ್ಷ ಕಾದಿದ್ರೆ ಐದು ವರ್ಷಕ್ಕೆ ಸುಮಾರು 26.9 ಕೋಟಿ ಡಾಲರ್ ಸಿಗ್ತಿತ್ತು, ಆದ್ರೆ 2024ರಲ್ಲೇ ನಾಲ್ಕು ವರ್ಷಕ್ಕೆ 15.65 ಕೋಟಿಗೆ ಸೈನ್ ಮಾಡಿದ. ಮರುವರ್ಷ ನಿಕ್ಸ್ 2000ದ ನಂತರ ಮೊದಲ ಸಲ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್, ಅಂದ್ರೆ ಲೀಗಿನ ಪೂರ್ವ ಭಾಗದ ಟೀಮುಗಳ ಫೈನಲ್, ತಲುಪಿತು.

ಹಾಗಂತ ಕಮ್ಮಿ ತಗೊಂಡ ಕೂಡ್ಲೇ ಕಪ್ ಬರ್ತದೆ ಅಂತಲ್ಲ. ಡರ್ಕ್ ನೊವಿಟ್ಸ್‌ಕಿ 2014ರಲ್ಲಿ ಬೇರೆ ಟೀಮುಗಳ ದೊಡ್ಡ ಆಫರ್ ಬಿಟ್ಟು ಡಲ್ಲಾಸಲ್ಲೇ ಮೂರು ವರ್ಷಕ್ಕೆ ಸುಮಾರು 2.5 ಕೋಟಿಗೆ ಉಳಿದ, ಆದ್ರೆ 2019ರಲ್ಲಿ ರಿಟೈರ್ ಆಗುವ ತನಕ ಟೀಮ್ ಒಂದು ಪ್ಲೇಆಫ್ ಸೀರೀಸೂ ಗೆಲ್ಲಲಿಲ್ಲ. ಅವ ಉಳಿಸಿಕೊಟ್ಟ ದುಡ್ಡಿಗೆ ಸರಿಯಾದವರನ್ನು ತರುವುದು ಮ್ಯಾನೇಜ್‌ಮೆಂಟಿನ ಕೆಲಸ, ಇದಕ್ಕೆ ಡರ್ಕ್‌ನನ್ನು ಯಾರಾದ್ರೂ ದೂರಿದ್ರೆ ನನಗೆ ಬೇಜಾರಾಗ್ತದೆ.

ನೀವು ಇನ್ನೊಮ್ಮೆ ಮ್ಯಾಚ್ ನೋಡುವಾಗ ಸ್ಟಾರ್ ಪಾಸ್ ಕೊಟ್ಟ ಮೇಲೆ ಬಾಲಿನ ಹಿಂದೆ ಕಣ್ಣು ಓಡಿಸದೆ ಅವನನ್ನೇ ನೋಡಿ. ಎನ್‌ಬಿಎ ಸ್ಟಾರ್ ಸ್ಟೆಫ್ ಕರಿ ಆದ್ರೆ ಬಾಲ್ ಕೈ ಬಿಟ್ಟ ಕೂಡ್ಲೇ ಓಡ್ಲಿಕ್ಕೆ ಶುರು ಮಾಡ್ತಾನೆ, ಇಬ್ಬರು ಡಿಫೆಂಡರ್‌ಗಳು ಅವನ ಬೆನ್ನಿಗೇ ಹೋಗ್ತಾರೆ, ಆಚೆ ಬದಿಯಲ್ಲಿ ಒಬ್ಬ ಆರಾಮಾಗಿ ರಿಂಗಿನ ಹತ್ರ ಹೋಗಿ ಲೇಅಪ್ ಹಾಕ್ತಾನೆ.