ಸೈಟಿನ ಬೆಲೆ ಕಟ್ಟುವ ಮುನ್ನ ಮಣ್ಣಿನ ವರದಿ ಓದಿ: ಮ್ಯಾಸಚೂಸೆಟ್ಸ್‌ನ ಸೆಪ್ಟಿಕ್ ಪರವಾನಗಿ ಕುರಿತ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳು ನಗರ ಬಿಟ್ಟು ಹೊರವಲಯದ ಊರುಗಳಲ್ಲಿ ಮನೆ ಮಾಡಲು ಹೊರಟಾಗ, ಒಳಚರಂಡಿಯಿಲ್ಲದ ಸೈಟುಗಳು ಮತ್ತು ಅವುಗಳ ಮೇಲೆ ಸ್ಥಳೀಯ ಆರೋಗ್ಯ ಮಂಡಳಿಗೆ, ಅಂದರೆ ಬೋರ್ಡ್ ಆಫ್ ಹೆಲ್ತ್‌ಗಿರುವ ಅಧಿಕಾರ ಅನೇಕರಿಗೆ ಹೊಸ ವಿಷಯವಾಗುತ್ತದೆ. ಈ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಬಾಸ್ಟನ್‌ನಿಂದ ಪಶ್ಚಿಮಕ್ಕಿರುವ ಊರೊಂದರಲ್ಲಿ ಮನೆ ಕಟ್ಟಿಸಲು ಒಂದೂವರೆ ಎಕರೆ ಸೈಟು ನೋಡಿದ್ದೇವೆ. ಸೆಪ್ಟಿಕ್ ವ್ಯವಸ್ಥೆ, ಬಾವಿ ಎರಡನ್ನೂ ನಾವೇ ಮಾಡಿಸಿಕೊಳ್ಳಬೇಕು. ಆಗಸ್ಟ್‌ನಲ್ಲಿ ಪರೀಕ್ಷಾ ಗುಂಡಿ ತೋಡಿಸಿದಾಗ ಒಂಬತ್ತು ಅಡಿಯವರೆಗೂ ಒಂದು ಹನಿ ನೀರು ಕಾಣಲಿಲ್ಲ. ಆದರೂ ಅಂತರ್ಜಲದ ಗರಿಷ್ಠ ಮಟ್ಟ ನೆಲದಿಂದ 28 ಇಂಚು ಕೆಳಗೆ ಎಂದು ಮಣ್ಣು ಪರೀಕ್ಷಕರು ದಾಖಲಿಸಿದರು, ಬೋರ್ಡ್ ಆಫ್ ಹೆಲ್ತ್‌ನ ಅಧಿಕಾರಿ ಅದನ್ನೇ ಒಪ್ಪಿಕೊಂಡರು. ಈಗ ನೆಲದ ಮೇಲೆ ಮರಳಿನ ದಿಬ್ಬ ಕಟ್ಟಬೇಕಂತೆ, ಖರ್ಚು ಬಹಳವಾಗುತ್ತದೆ. ಪಕ್ಕದ ಮನೆಗೆ ಇಂಥ ದಿಬ್ಬವಿಲ್ಲ. ಇಲ್ಲದ ನೀರನ್ನು ಇದೆಯೆಂದು ಬರೆಯುವುದು ಸರಿಯೇ? ರಾಜ್ಯದ ಇಲಾಖೆಗೆ ದೂರು ಕೊಡಬಹುದೇ?

ಉತ್ತರ: ಆಗಸ್ಟ್‌ನಲ್ಲಿ ನೀರು ಕಾಣದಿರುವುದು ಸಹಜ. ಬೇಸಿಗೆಯುದ್ದಕ್ಕೂ ಮರಗಳು ನೆಲದ ನೀರನ್ನು ಹೀರುತ್ತಿರುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹಿಮ ಕರಗಿ, ಮರಗಳು ಇನ್ನೂ ಚಿಗುರದೆ ನಿಂತಿರುವಾಗ ಅದೇ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ಆಶ್ಚರ್ಯವಿಲ್ಲ. ವರ್ಷದಲ್ಲಿ ಅಂತರ್ಜಲ ಅತಿ ಮೇಲಕ್ಕೆ ಬಂದಾಗ ಎಲ್ಲಿಗೆ ಮುಟ್ಟುತ್ತದೆ ಎಂಬುದೇ ನಿಯಮಕ್ಕೆ ಬೇಕಾದ ಅಂಶ, ಮತ್ತು ಅದರ ಗುರುತು ನೀರಿಲ್ಲದ ದಿನವೂ ಮಣ್ಣಿನಲ್ಲಿ ಉಳಿದಿರುತ್ತದೆ. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದು ಹಸಿ ಮುಖ ತೆಗೆದರೆ ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಏಕರೂಪದ ಹಳದಿ ಮಿಶ್ರಿತ ಕಂದು ಪದರ ಕಾಣುತ್ತದೆ. ಇನ್ನೂ ಕೆಳಗೆ ಒಂದು ಆಳದಿಂದ ಬೂದು ಬಣ್ಣದ ತೇಪೆಗಳೂ ಅವುಗಳ ಅಂಚಿನಲ್ಲಿ ಕಿತ್ತಳೆ ಬಣ್ಣದ ಕಲೆಗಳೂ ಶುರುವಾಗುತ್ತವೆ. ಮಣ್ಣು ವಾರಗಟ್ಟಲೆ ನೀರಿನಲ್ಲಿ ಮುಳುಗಿದ್ದಾಗ ಅದರೊಳಗಿನ ಗಾಳಿ ಮುಗಿದು, ಸೂಕ್ಷ್ಮಜೀವಿಗಳು ಕಬ್ಬಿಣದ ಅಂಶವನ್ನು ಕರಗುವ ರೂಪಕ್ಕೆ ತರುತ್ತವೆ. ಕಬ್ಬಿಣ ಕರಗಿ ಹೋದ ಜಾಗ ಬೂದಾಗಿ ಉಳಿಯುತ್ತದೆ, ಮತ್ತೆ ಗಾಳಿ ತಗುಲಿದೆಡೆ ಅದೇ ಕಬ್ಬಿಣ ತುಕ್ಕಾಗಿ ಕೂರುತ್ತದೆ. ಮಣ್ಣು ಪರೀಕ್ಷಕರು ಮಣ್ಣಿನ ಬಣ್ಣಗಳ ಮಾದರಿಗಳಿರುವ ಮನ್ಸೆಲ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಈ ಕಲೆಗಳ ಬಣ್ಣ, ಪ್ರಮಾಣ, ಆಳ ಬರೆದುಕೊಳ್ಳುತ್ತಾರೆ. ನಿಮ್ಮ ಸೈಟಿನಲ್ಲಿ ಆ ಕಲೆಗಳು ಶುರುವಾದ ಆಳವೇ ಆ 28 ಇಂಚು ಆಗಿರಬೇಕು.

ಆ ಅಳತೆಗೆ ಇಷ್ಟು ಮಹತ್ವ ಏಕೆಂದರೆ, ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧ ಮಾಡುವುದಿಲ್ಲ. ಟ್ಯಾಂಕ್‌ನಲ್ಲಿ ಗಸಿ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ. ನಡುವಿನ ಕಲಕು ನೀರು ರೋಗಾಣುಗಳ ಸಮೇತ ಹೊರಗೆ ಹೋಗುತ್ತದೆ. ಆ ನೀರನ್ನು ನೆಲಕ್ಕೆ ಇಂಗಿಸಲು ಹಾಕುವ ಜಲ್ಲಿಯ ಹಾಸೇ ಇಂಗು ಹಾಸು. ನೀರನ್ನು ತೊಳೆಯುವ ಕೆಲಸ ಅದರ ಕೆಳಗಿರುವ, ಗಾಳಿಯಾಡುವ ಒಣ ಮಣ್ಣಿನದು. ನೀರು ಮಣ್ಣಿನ ಕಣಗಳಿಗೆ ತೆಳ್ಳಗೆ ಅಂಟಿಕೊಂಡು ನಿಧಾನವಾಗಿ ಇಳಿಯುವಾಗ ಬ್ಯಾಕ್ಟೀರಿಯಾ, ವೈರಸ್‌ಗಳು ಅಲ್ಲೇ ಸಿಕ್ಕಿಬಿದ್ದು ಸಾಯುತ್ತವೆ. ಆ ಮಣ್ಣೇ ನೀರಿನಲ್ಲಿ ಮುಳುಗಿದ್ದರೆ ಶೋಧನೆ ನಡೆಯದೆ ಕೊಳಕು ನೇರವಾಗಿ ಅಂತರ್ಜಲ ಸೇರುತ್ತದೆ, ಅಲ್ಲಿಂದ ಬಾವಿಗೆ ಬರುತ್ತದೆ. ಮನೆ ಪಕ್ಕದ ಗುಂಡಿಯೂ ಬಾವಿಯೂ ಹತ್ತಿರ ಹತ್ತಿರ ಇರುವ ಮಲೆನಾಡಿನ ಅಥವಾ ಕರಾವಳಿಯ ಹಿತ್ತಲು ಕಂಡವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ಮಣ್ಣಿನಲ್ಲಿ ನೀರು ಎಷ್ಟು ಬೇಗ ಇಂಗುತ್ತದೆಂದು ನೋಡುವ ಪರೀಕ್ಷೆಯ ವಿಧಾನ ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕ 2470ರಲ್ಲಿಯೂ ಇದೆ. ಆದರೆ ನಮ್ಮ ಕಡೆ ಮನೆ ಕಟ್ಟುವಾಗ ಅದನ್ನು ಮಾಡಿಸಿದವರನ್ನು ಕಾಣುವುದು ಅಪರೂಪ.

ಮ್ಯಾಸಚೂಸೆಟ್ಸ್‌ನ ಪರಿಸರ ಸಂಹಿತೆಯ ಐದನೆಯ ಭಾಗವನ್ನು ಎಲ್ಲರೂ ‘ಟೈಟಲ್ ಫೈವ್’ ಎಂದೇ ಕರೆಯುತ್ತಾರೆ. ಅದರ ಪ್ರಕಾರ ಇಂಗು ಹಾಸಿನ ತಳಕ್ಕೂ ಅಂತರ್ಜಲದ ಗರಿಷ್ಠ ಮಟ್ಟಕ್ಕೂ ನಡುವೆ ನಾಲ್ಕು ಅಡಿ ಅಂತರವಿರಬೇಕು. ಇಂಚಿಗೆ ಎರಡು ನಿಮಿಷ ಅಥವಾ ಅದಕ್ಕಿಂತ ಬೇಗ ನೀರಿಂಗುವ ಮರಳು ನೆಲದಲ್ಲಿ ಐದು ಅಡಿ. ನಾಲ್ಕು ಅಡಿಯೆಂದರೆ 48 ಇಂಚು, ನಿಮ್ಮಲ್ಲಿರುವುದು 28. ಆದ್ದರಿಂದ ಹಾಸಿನ ತಳ ಈಗಿನ ನೆಲಕ್ಕಿಂತ 20 ಇಂಚು ಮೇಲೆ ಬರಬೇಕು. ಅದರ ಮೇಲೆ ಜಲ್ಲಿ, ಅದರ ಮೇಲೆ ಮಣ್ಣಿನ ಹೊದಿಕೆ ಸೇರಿದರೆ ದಿಬ್ಬ ಸುಮಾರು ಮೂರೂವರೆ ಅಡಿಯಾಗುತ್ತದೆ, ಮತ್ತು ಟ್ಯಾಂಕ್‌ನಿಂದ ಅಷ್ಟೆತ್ತರಕ್ಕೆ ನೀರೇರಿಸಲು ಬಹುಶಃ ಪಂಪ್ ಬೇಕಾಗುತ್ತದೆ. ನಿಮ್ಮ ಖರ್ಚು ಏರಿರುವುದು ಈ ಲೆಕ್ಕದಿಂದ. ಇದರ ಜೊತೆಗೆ ಹಾಸಿನ ಕೆಳಗೆ ನೀರಿಂಗುವ ಸ್ವಾಭಾವಿಕ ಮಣ್ಣು ನಾಲ್ಕು ಅಡಿ ದಪ್ಪ ಇರಲೇಬೇಕು. ಲಾರಿಯಲ್ಲಿ ತಂದು ಸುರಿದ ಮರಳು ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಸೈಟು ಈ ಷರತ್ತನ್ನು ದಾಟಿರುವುದರಿಂದಲೇ ದಿಬ್ಬಕ್ಕಾದರೂ ಅವಕಾಶ ಸಿಕ್ಕಿದೆ.

ಗುಂಡಿ ತೋಡಿದ ದಿನವೇ ಪರ್ಕ್ ಟೆಸ್ಟ್, ಅಂದರೆ ನೀರಿಂಗುವ ಪರೀಕ್ಷೆ, ಕೂಡ ಆಗಿರುತ್ತದೆ. 12 ಇಂಚು ಅಗಲ, 18 ಇಂಚು ಆಳದ ಸಣ್ಣ ಕುಳಿಯಲ್ಲಿ 12 ಇಂಚಿನವರೆಗೆ ನೀರು ತುಂಬಿ, ಕನಿಷ್ಠ 15 ನಿಮಿಷ ಆ ಮಟ್ಟ ಇಳಿಯದಂತೆ ನೋಡಿಕೊಂಡು ಮಣ್ಣನ್ನು ನೆನೆಸುತ್ತಾರೆ. ಆಮೇಲೆ ನೀರು 12ರಿಂದ 9 ಇಂಚಿಗೆ, ನಂತರ 9ರಿಂದ 6 ಇಂಚಿಗೆ ಇಳಿಯಲು ಹಿಡಿದ ಸಮಯ ನೋಡುತ್ತಾರೆ. ಕೊನೆಯ ಮೂರು ಇಂಚಿಗೆ 36 ನಿಮಿಷವಾದರೆ ನಿಮ್ಮ ಮಣ್ಣಿನ ದರ ಇಂಚಿಗೆ 12 ನಿಮಿಷ. ಹೊಸ ಮನೆಗೆ ಇದು 60 ನಿಮಿಷ ಮೀರುವಂತಿಲ್ಲ. ಆದರೆ ಪರ್ಕ್ ಎಷ್ಟೇ ಚೆನ್ನಾಗಿ ಬಂದರೂ ಅಂತರ್ಜಲದ ಅಂತರಕ್ಕೆ ಅದು ಬದಲಿಯಾಗದು. ‘ಪರ್ಕ್ ಪಾಸಾಗಿದೆ’ ಎಂಬ ಒಂದೇ ಮಾತನ್ನು ನಂಬಿ ಸೈಟಿಗೆ ಮುಂಗಡ ಕೊಡುವುದು ನನ್ನ ಮಟ್ಟಿಗೆ ಈ ವ್ಯವಹಾರದ ಅತಿ ದೊಡ್ಡ ಅವಸರ.

ಪಕ್ಕದ ಸೈಟಿನ ವಿಷಯ. ಈ ನೆಲದ ಮಣ್ಣನ್ನು ತಂದುಹಾಕಿದ್ದು ಹಿಮನದಿ. ಸುಮಾರು 15,000ದಿಂದ 18,000 ವರ್ಷಗಳ ಹಿಂದೆ ಅದು ಕರಗಿ ಹಿಂದೆ ಸರಿಯುವಾಗ ಕೆಲವೆಡೆ ಹೊಳೆಗಳು ಜಾಲಿಸಿದ ಸ್ವಚ್ಛ ಮರಳು, ಜಲ್ಲಿ ಬಿಟ್ಟುಹೋಯಿತು. ಕೆಲವೆಡೆ ತನ್ನ ಭಾರದಿಂದ ಅದುಮಿದ, ಕಲ್ಲುಗಳು ಸೇರಿದ, ಕಣದ ನೆಲದಂತೆ ಗಟ್ಟಿಯಾದ ಪದರ ಬಿಟ್ಟಿತು. ಪ್ಯಾಕ್ಸ್‌ಟನ್ ಎಂಬ ಹೆಸರಿನ ಈ ಎರಡನೆಯ ಬಗೆಯ ಮಣ್ಣೇ ಮ್ಯಾಸಚೂಸೆಟ್ಸ್‌ನ ಅಧಿಕೃತ ರಾಜ್ಯಮಣ್ಣು. ವಸಂತದ ನೀರು ಆ ಗಟ್ಟಿ ಪದರದ ಮೇಲೆ ತಂಗಿ ನಿಲ್ಲುತ್ತದೆ. ಒಂದೇ ಬೇಲಿಯ ಎರಡು ಬದಿಯಲ್ಲಿ ಈ ಎರಡೂ ಬಗೆ ಸಿಗಬಹುದು; ಆ ಕಾರಣಕ್ಕೇ ಇಂಗು ಹಾಸಿನ ಜಾಗದಲ್ಲಿ ಎರಡು, ಮುಂದೆ ಬೇಕಾದರೆಂದು ಮೀಸಲಿಡುವ ಜಾಗದಲ್ಲಿ ಮತ್ತೆರಡು ಆಳದ ಗುಂಡಿಗಳನ್ನು ನಿಯಮ ಕೇಳುತ್ತದೆ. ಪಕ್ಕದ ಪರವಾನಗಿ 1995ರ ಮಾರ್ಚ್ 31ರ ಪರಿಷ್ಕರಣೆಗಿಂತ ಹಳೆಯದಾಗಿದ್ದರೆ ಇಂದಿನ ಅಳತೆಯೊಂದಿಗೆ ಅದನ್ನು ಹೋಲಿಸಲಾಗದು. ಊಹೆ ಮಾಡುವ ಬದಲು ಟೌನ್ ಹಾಲ್‌ಗೆ ಹೋಗಿ ಆ ಮನೆಯ ಸೆಪ್ಟಿಕ್ ಕಡತ ಕೇಳಿ. ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು.

ಇನ್ನು ದೂರಿನ ಮಾತು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ನಿಯಮ ರೂಪಿಸುತ್ತದೆ, ಮಣ್ಣು ಪರೀಕ್ಷಕರಿಗೆ ಮಾನ್ಯತೆ ಕೊಡುತ್ತದೆ. ಸಾಮಾನ್ಯ ಮನೆಯ ಪರವಾನಗಿಯ ತೀರ್ಮಾನ ಮಾತ್ರ ಆಯಾ ಊರಿನ ಬೋರ್ಡ್ ಆಫ್ ಹೆಲ್ತ್‌ನದು. ರಾಜ್ಯದಲ್ಲಿ 351 ಊರು ಮತ್ತು ನಗರಗಳಿವೆ, ಪ್ರತಿಯೊಂದಕ್ಕೂ ತನ್ನದೇ ಆರೋಗ್ಯಾಧಿಕಾರವಿದೆ, ಮತ್ತು ಟೈಟಲ್ ಫೈವ್‌ಗಿಂತ ಬಿಗಿಯಾದ ಸ್ಥಳೀಯ ನಿಯಮ ಮಾಡಲು ಕಾನೂನು ಅವಕ್ಕೆ ಅನುಮತಿ ಕೊಟ್ಟಿದೆ. ಈ ಪರಂಪರೆ ಹಳೆಯದು: 1799ರಲ್ಲಿ ಬಾಸ್ಟನ್‌ನ ಆರೋಗ್ಯ ಮಂಡಳಿ ರಚನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿದ್ದವರು ಸ್ವಾತಂತ್ರ್ಯ ಸಮರದ ಪಾಲ್ ರೆವಿಯರ್. ನಿಮಗೆ ಒಪ್ಪಿಗೆಯಾಗದಿದ್ದರೆ ಮೊದಲು ಬೋರ್ಡಿನ ಸಾರ್ವಜನಿಕ ಸಭೆಯಲ್ಲಿ ವಿಷಯ ಇಡಬೇಕು. ಅದರ ನಿರ್ಧಾರದ ಮೇಲೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುತ್ತದೆ. ಆದರೆ ನೀವು ಬರೆದ ವಿವರ ನೋಡಿದರೆ ಇಲ್ಲಿ ಅನ್ಯಾಯವೇನೂ ಆದಂತಿಲ್ಲ. ಕಲೆಗಳ ಓದಿನ ಬಗ್ಗೆ ನಿಜವಾದ ಅನುಮಾನವಿದ್ದರೆ ಬೇರೊಬ್ಬ ಮಾನ್ಯತೆ ಪಡೆದ ಪರೀಕ್ಷಕರಿಂದ ವಸಂತದಲ್ಲಿ ಮತ್ತೊಮ್ಮೆ ಗುಂಡಿ ತೋಡಿಸಲು ಬೋರ್ಡನ್ನು ಕೇಳಿಕೊಳ್ಳಿ. ಅದಕ್ಕಿಂತ ಲಾಭದ ದಾರಿಯೆಂದರೆ ದಿಬ್ಬದ ಅಂದಾಜು ವೆಚ್ಚವನ್ನು ಮಾರುವವರ ಮುಂದಿಟ್ಟು ಸೈಟಿನ ಬೆಲೆ ಇಳಿಸಿಕೊಳ್ಳುವುದು.

ಪ್ರಶ್ನೆ: ನಮ್ಮದು ಮೂರು ಬೆಡ್‌ರೂಮಿನ ಮನೆ, ಬಾವಿ ನೀರು. ಊರಿನಿಂದ ಅಪ್ಪ ಅಮ್ಮ ವರ್ಷಕ್ಕೆ ಆರು ತಿಂಗಳು ಬಂದಿರುತ್ತಾರೆ. ಅವರಿಗಾಗಿ ಬೇಸ್‌ಮೆಂಟ್‌ನಲ್ಲಿ ಒಂದು ಕೋಣೆ ಮಾಡಿಸಲು ಅರ್ಜಿ ಹಾಕಿದರೆ, ಮೊದಲು ಬೋರ್ಡ್ ಆಫ್ ಹೆಲ್ತ್ ಒಪ್ಪಿಗೆ ತನ್ನಿ ಎನ್ನುತ್ತಾರೆ. ಇಬ್ಬರು ವಯಸ್ಸಾದವರು ಬಳಸುವ ನೀರು ಎಷ್ಟಿದ್ದೀತು?

ಉತ್ತರ: ಲೆಕ್ಕ ಜನರ ಮೇಲಿಲ್ಲ, ಬೆಡ್‌ರೂಮುಗಳ ಮೇಲಿದೆ. ಒಂದು ಬೆಡ್‌ರೂಮಿಗೆ ದಿನಕ್ಕೆ 110 ಗ್ಯಾಲನ್ ಎಂದು ಹಿಡಿಯುತ್ತಾರೆ. ನಿಮ್ಮ ಪರವಾನಗಿ 330 ಗ್ಯಾಲನ್‌ಗೆ ಸಿಕ್ಕಿರುತ್ತದೆ. ಇಂದು ಅಪ್ಪ ಅಮ್ಮ ಇರುವ ಕೋಣೆಯಲ್ಲಿ ನಾಳೆ ಮನೆ ಕೊಂಡವರ ಮಕ್ಕಳು ವರ್ಷವಿಡೀ ಇರಬಹುದು, ಇಂಗು ಹಾಸು ಆಗಲೂ ತಾಳಬೇಕು. ನಾಲ್ಕನೆಯ ಬೆಡ್‌ರೂಮ್ ಬಂದರೆ 440 ಗ್ಯಾಲನ್ ಆಗುತ್ತದೆ, ಮತ್ತು ಹರಿವು ಹೆಚ್ಚಿದ ಮನೆಯನ್ನು ನಿಯಮ ಹೊಸ ಕಟ್ಟಡದಂತೆಯೇ ಕಾಣುತ್ತದೆ. ಬಾವಿಯೂ ಸೆಪ್ಟಿಕ್ಕೂ ಒಂದೇ ಸೈಟಿನಲ್ಲಿರುವಾಗ ಪ್ರತಿ 10,000 ಚದರ ಅಡಿಗೆ 110 ಗ್ಯಾಲನ್ ಎಂಬ ಮಿತಿಯೂ ಇದೆ. ಅಂದರೆ ನಾಲ್ಕು ಬೆಡ್‌ರೂಮಿಗೆ 40,000 ಚದರ ಅಡಿ ಬೇಕು.

ಕೋಣೆಗೆ ‘ಆಫೀಸ್ ರೂಮ್’ ಎಂದು ಹೆಸರಿಟ್ಟರೆ ಸಾಕೆಂದು ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಕೇಳಬೇಡಿ. ಬಾಗಿಲು, ಕಿಟಕಿ, ವಿದ್ಯುತ್ ಇದ್ದು ಕನಿಷ್ಠ 70 ಚದರ ಅಡಿ ಇರುವ, ಮಲಗಲು ಏಕಾಂತ ಒದಗಿಸುವ ಕೋಣೆಯನ್ನು ಬೋರ್ಡ್ ಬೆಡ್‌ರೂಮ್ ಎಂದೇ ಪರಿಗಣಿಸಬಹುದು. ಇದಲ್ಲದೆ ಬಚ್ಚಲು, ಹಜಾರ ಬಿಟ್ಟು ಮನೆಯ ಒಟ್ಟು ಕೋಣೆಗಳು ಎಂಟನ್ನು ಮೀರಿದರೆ, ಆ ಸಂಖ್ಯೆಯನ್ನು ಎರಡರಿಂದ ಭಾಗಿಸಿ ಬಂದಷ್ಟು ಬೆಡ್‌ರೂಮುಗಳಿವೆ ಎಂದು ಭಾವಿಸಲಾಗುತ್ತದೆ. ಹತ್ತು ಕೋಣೆಯಿದ್ದರೆ ಐದು. 2025ರ ಫೆಬ್ರವರಿ 2ರಿಂದ 900 ಚದರ ಅಡಿಯೊಳಗಿನ ಹೆಚ್ಚುವರಿ ಪುಟ್ಟ ಮನೆ ಕಟ್ಟುವ ಹಕ್ಕನ್ನು ರಾಜ್ಯ ಕೊಟ್ಟಿದೆ ನಿಜ, ಆದರೆ ಟೈಟಲ್ ಫೈವ್‌ನಿಂದ ಅದಕ್ಕೂ ವಿನಾಯಿತಿಯಿಲ್ಲ.

ಮೊದಲು ನಿಮ್ಮ ಮನೆಯ ಕಡತ ತೆಗೆಸಿ ನೋಡಿ. ಮೂರು ಬೆಡ್‌ರೂಮಿನ ಮನೆಗೂ ನಾಲ್ಕಕ್ಕೆ ಸಾಕಾಗುವ ಹಾಸು ಹಾಕಿರುವ ಉದಾಹರಣೆಗಳಿವೆ. ಅಷ್ಟಿಲ್ಲದಿದ್ದರೆ ಮೇಲಿನ ಒಂದು ಬೆಡ್‌ರೂಮಿನ ಬಾಗಿಲು ತೆಗೆದು ಅಗಲವಾದ ತೆರಪು ಮಾಡಿ ಅದನ್ನು ಓದುವ ಕೋಣೆಯಾಗಿಸಿ, ಮೂರೇ ಬೆಡ್‌ರೂಮೆಂದು ಮನೆಯ ಪತ್ರದಲ್ಲಿ ನಿರ್ಬಂಧ ನೋಂದಾಯಿಸಿದರೆ ಕೆಲವು ಬೋರ್ಡುಗಳು ಒಪ್ಪುತ್ತವೆ. ಮೆಟ್ಟಿಲು ಇಳಿದು ಹತ್ತಲಾಗದ ಹಿರಿಯರಿಗೆ ಬೇಸ್‌ಮೆಂಟ್‌ಗಿಂತ ನೆಲಮಟ್ಟದ ಕೋಣೆ ಕೊಟ್ಟು, ನೀವು ಕೆಳಗೆ ಓದುವ ಕೋಣೆ ಮಾಡಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕೇಪ್ ಕಾಡ್‌ನಲ್ಲಿರುವ ನಮ್ಮ ಮನೆಯ ನೆಲ ಶುದ್ಧ ಮರಳು, ನೀರು ಸುರಿದ ಕ್ಷಣದಲ್ಲೇ ಇಂಗುತ್ತದೆ. ಇಷ್ಟು ಒಳ್ಳೆಯ ಮಣ್ಣಿದ್ದರೂ ನೈಟ್ರೋಜನ್ ತೆಗೆಯುವ ಹೊಸ ವ್ಯವಸ್ಥೆ ಹಾಕಿಸಬೇಕಾದೀತು ಎನ್ನುತ್ತಿದ್ದಾರೆ. ಏಕೆ?

ಉತ್ತರ: ಬೇಗ ಇಂಗುವ ಮಣ್ಣೆಲ್ಲ ಒಳ್ಳೆಯ ಮಣ್ಣಲ್ಲ. ಐದು ಅಡಿ ಒಣ ಮರಳು ಬ್ಯಾಕ್ಟೀರಿಯಾವನ್ನು ತಡೆದೀತು, ಆದರೆ ಮೂತ್ರದಿಂದ ಬರುವ ನೈಟ್ರೋಜನ್ ಅದೇ ಮರಳಿನಲ್ಲಿ ನೈಟ್ರೇಟ್ ಆಗಿ ನೀರಿನೊಂದಿಗೆ ಸಲೀಸಾಗಿ ಹರಿದುಹೋಗುತ್ತದೆ. ಕೇಪ್ ಕಾಡ್‌ನ ಜನ ಕುಡಿಯುವುದು ಅದೇ ಮರಳಿನ ಕೆಳಗಿನ ನೀರನ್ನು. 1982ರಲ್ಲೇ ಅದನ್ನು ಕುಡಿಯುವ ನೀರಿನ ಏಕೈಕ ಮೂಲವೆಂದು ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಘೋಷಿಸಿದೆ. ಕುಡಿಯುವ ನೀರಿನ ಮಿತಿ ಇಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ನೈಟ್ರೋಜನ್. ಭಾರತದಲ್ಲಿ ಪೂರ್ತಿ ನೈಟ್ರೇಟನ್ನೇ ತೂಗಿ 45 ಎನ್ನುತ್ತಾರೆ, ಎರಡೂ ಹೆಚ್ಚುಕಡಿಮೆ ಒಂದೇ. ಕರಾವಳಿಯ ಹಿನ್ನೀರಿಗೆ ಮಾತ್ರ ಇದಕ್ಕಿಂತ ಬಹಳ ಕಡಿಮೆ ಪ್ರಮಾಣವೂ ಹೆಚ್ಚೇ, ಪಾಚಿ ಬೆಳೆದು ನೀರೊಳಗಿನ ಹುಲ್ಲು, ಚಿಪ್ಪುಜೀವಿಗಳು ನಾಶವಾಗುತ್ತವೆ. 2023ರ ಜುಲೈ 7ರಂದು ಜಾರಿಯಾದ ಟೈಟಲ್ ಫೈವ್ ತಿದ್ದುಪಡಿ ಇಂಥ ಹಿನ್ನೀರಿಗೆ ಹರಿಯುವ ಜಲಾನಯನಗಳ ಊರುಗಳಿಗೆ ಎರಡು ದಾರಿ ಕೊಟ್ಟಿದೆ: ಊರೇ 20 ವರ್ಷಗಳ ಜಲಾನಯನ ಪರವಾನಗಿ ಪಡೆದು ಒಳಚರಂಡಿಯಂಥ ಯೋಜನೆ ಕೈಗೊಳ್ಳಬೇಕು, ಇಲ್ಲದಿದ್ದರೆ ಮನೆಯವರೇ ವ್ಯವಸ್ಥೆ ಬದಲಿಸಬೇಕು. ನಿಮ್ಮ ಊರು ಯಾವ ದಾರಿ ಹಿಡಿದಿದೆಯೆಂದು ಬೋರ್ಡ್ ಕಚೇರಿಯಲ್ಲಿ ವಿಚಾರಿಸಿಕೊಳ್ಳುವವರೆಗೆ ಯಾವ ಗುತ್ತಿಗೆದಾರರಿಗೂ ಮುಂಗಡ ಕೊಡಬೇಡಿ.

ಪ್ರಶ್ನೆ: ಕೊಳ್ಳಲು ಹೊರಟಿರುವ ಮನೆಯ ಸೆಪ್ಟಿಕ್ ತಪಾಸಣೆಯಲ್ಲಿ ‘ಫೇಲ್’ ಬಂದಿದೆ. ಬಿಟ್ಟುಬಿಡಬೇಕೇ?

ಉತ್ತರ: ಅಷ್ಟಕ್ಕೇ ಬಿಡಬೇಕಿಲ್ಲ. ವಿಫಲವಾದ ವ್ಯವಸ್ಥೆಯನ್ನು ಸರಿಪಡಿಸಲು ಸಾಮಾನ್ಯವಾಗಿ ಎರಡು ವರ್ಷ ಅವಕಾಶವಿದೆ, ಮತ್ತು ಹಳೆಯ ಮನೆಗಳ ವಿಷಯದಲ್ಲಿ ನಾಲ್ಕು ಅಡಿಯ ಅಂತರವನ್ನು ಮೂರಕ್ಕೆ ಇಳಿಸುವಂಥ ಕೆಲವು ಸಡಿಲಿಕೆಗಳನ್ನು ಬೋರ್ಡ್ ಕೊಡಬಹುದು. ಖರ್ಚು ಯಾರದೆಂದು ನಿಯಮ ಹೇಳುವುದಿಲ್ಲ, ಅದು ನಿಮ್ಮಿಬ್ಬರ ಒಪ್ಪಂದ. ಆದರೆ ಹೊಸ ಮಣ್ಣು ಪರೀಕ್ಷೆಯಾಗದೆ ವೆಚ್ಚದ ಅಂದಾಜಿಗೆ ಅರ್ಥವಿಲ್ಲ. ಪರೀಕ್ಷೆ ಮುಗಿದು ನಕ್ಷೆ ಬೋರ್ಡಿನಲ್ಲಿ ಮಂಜೂರಾಗುವವರೆಗೆ ಬೆಲೆ ಒಪ್ಪಿಕೊಳ್ಳಬೇಡಿ. ಅದೇ ಮನೆಯಲ್ಲಿ ನೀವೇ ವಾಸವಿದ್ದು ದುರಸ್ತಿಯ ಹಣ ನೀವೇ ಕೊಟ್ಟರೆ, ವೆಚ್ಚದ ಶೇ 60ರಷ್ಟನ್ನು, ಒಟ್ಟು 18,000 ಡಾಲರ್ ಮೀರದಂತೆ, ವರ್ಷಕ್ಕೆ ಗರಿಷ್ಠ 4,000 ಡಾಲರ್‌ನಂತೆ ರಾಜ್ಯದ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕೆಲಸ ಮುಗಿದ ಮೇಲೆ ಬೋರ್ಡ್ ಕೊಡುವ ಅನುಸರಣಾ ಪ್ರಮಾಣಪತ್ರವನ್ನೂ ಗುತ್ತಿಗೆದಾರರ ರಸೀದಿಗಳನ್ನೂ ಆ ಅರ್ಜಿಗಾಗಿ ಜೋಪಾನವಾಗಿಡಿ.